ಮನೇಬದಲ್ಲಿ ಕುರ್ಚಿ

ತಬೋನಾನ
ಮಾರ್ಚ್ ೧೧

ತಮ್ಮ ಕೌರೆಗೆ,

ಅಕ್ಕನ ಆಶೀರ್ವಾದ. ಕೋಪದಲ್ಲಿ ಬರೆಯುತ್ತಿದ್ದರೂ ಅದನ್ನು ಮೊದಲು ಹೇಳಬೇಕಲ್ಲ.

ನಿನ್ನ ಸಂದೇಶ ನಿನ್ನೆ ರೇಡಿಯೊದಲ್ಲಿ ಬಂತು. ಮಂತ್ರಿಗಳು, ಅಂದರೆ ನೀನು, ಶನಿವಾರ ಊರಿಗೆ ಬರುತ್ತಾರೆ, ಮನೇಬದಲ್ಲಿ ಅವರಿಗೆ ಕುರ್ಚಿ ಹಾಕಿಸಬೇಕು ಎಂದು. ದ್ವೀಪವೆಲ್ಲ ಕೇಳಿತು. ಪಕ್ಕದ ಮನೆಯ ತೆಕಿನೆನೆ ಮೀನು ಸೀಳುತ್ತಲೇ ಕೂಗಿದಳು: "ಏ ರುತೇತಾ, ನಿನ್ ತಮ್ಮಂಗೆ ಮಂಡಿ ನೋವೇನೇ?"

ಊರು ಸಭೆ ಸೇರುವ ಮನೇಬದ ಚಾವಣಿಯ ಕೆಳಗೆ ಮನೆತನಕ್ಕೊಂದು ಕಂಬ, ಕಂಬದ ಬುಡದಲ್ಲಿ ಒಂದು ಚಾಪೆ. ಯಾರ ತಲೆಯೂ ಇನ್ನೊಬ್ಬರಿಗಿಂತ ಮೇಲಿರಬಾರದು. ಇದನ್ನು ನಿನಗೂ ಹೇಳಿಕೊಡಬೇಕೆ? ಅಪ್ಪ ಸತ್ತ ಮೇಲೆ ನಮ್ಮ ಕಂಬಕ್ಕೆ ಒರಗಿ ಮಾತಾಡಿದವನು ನೀನು. ನಮ್ಮ ಕಡಲನ್ನು ಹೊರಗಿನ ಹಡಗುಗಳಿಗೆ ಬಿಡಬಾರದು ಎಂದು ಅಲ್ಲೇ ಶುರುಮಾಡಿದೆ. ಮೊದಲ ಚುನಾವಣೆ ಸೋತೆ. ಗೆದ್ದ ಮೇಲೆ ಮೂರು ಅವಧಿ ವಿರೋಧ ಪಕ್ಷದ ಬೆಂಚಿನಲ್ಲೇ ಕೂತೆ. ನಿನ್ನ ಭಾಷಣಗಳಿಗಾಗಿ ನಿನ್ನ ಭಾವನನ್ನು ಬಂದರಿನ ಕೆಲಸದಿಂದ ತೆಗೆದರು. ಆಗಲೂ ನಾವು ನಿನಗೆ ಸುಮ್ಮನಿರು ಎನ್ನಲಿಲ್ಲ.

ಅವಿಶ್ವಾಸ ಮತದ ದಿನ ಊರೆಲ್ಲ ಮನೇಬದಲ್ಲಿ ರೇಡಿಯೊ ಸುತ್ತ ಸೇರಿತ್ತು. ನಿನ್ನ ಹೆಸರು ಕರೆದಾಗ ಉತ್ತರವಿಲ್ಲ. ಮತ್ತೆ ಕರೆದರು. ಊರಿನ ಹಿರಿಯ ನಕಿಬಾಯೆ ಅಜ್ಜ, "ತಡೀರೋ, ನಮ್ ಹುಡುಗ ಗಂಟಲು ಸರಿ ಮಾಡ್ಕೋತಿದಾನೆ" ಅಂದರು. ಒಂದು ಮತದಿಂದ ಸರ್ಕಾರ ಉಳಿಯಿತು. ಅಜ್ಜ ರೇಡಿಯೊ ಆರಿಸಿ, ಯಾರ ಮುಖವನ್ನೂ ನೋಡದೆ ಎದ್ದುಹೋದರು. ಆ ವಾರವೇ ನೀನು ಮೀನುಗಾರಿಕೆ ಮಂತ್ರಿಯಾದೆ. ಜ್ವರವಿತ್ತು ಎಂದು ಬರೆದೆಯಲ್ಲ, ಪ್ರಮಾಣವಚನದ ಹೊತ್ತಿಗೆ ಅದು ಹೇಗೆ ಇಳಿಯಿತು?

ಸರ್ಕಾರದ ಒಳಗಿದ್ದುಕೊಂಡೇ ತಡೆಯುತ್ತೇನೆ ಎನ್ನುತ್ತೀಯ. ಹಡಗುಗಳ ಪರವಾನಗಿಗೆ ಸಹಿ ಹಾಕಿದವನು ನೀನೇ. ಹವಳದ ದಿಬ್ಬದಾಚೆ ಅವು ಬಂದು ನಿಂತಿವೆ. ನಿನ್ನ ಭಾವ ಬೆಳಿಗ್ಗೆ ದೋಣಿ ಒಯ್ದವನು ಮಧ್ಯಾಹ್ನ ಖಾಲಿ ಬುಟ್ಟಿ ತಂದ.

ಕುರ್ಚಿ ಹಾಕಿಸುವುದಿಲ್ಲ. ಹಾರ ಕಟ್ಟುವುದಿಲ್ಲ. ಬರುವುದಾದರೆ ಬಂದು ನೆಲದ ಮೇಲೆ ಕೂರು.

ನಿನ್ನ ಅಕ್ಕ,
ರುತೇತಾ

ತಾ.ಕ.: ನಿನ್ನನ್ನು ನಮ್ಮ ಕಂಬದಿಂದ ಬಿಡಿಸಿ ಅತಿಥಿಗಳ ಚಾಪೆಯಲ್ಲಿ ಕೂರಿಸಬೇಕೆಂದು ಹಿರಿಯರು ತೀರ್ಮಾನಿಸಿದ್ದರು. ಅಲ್ಲಿ ನಿನಗೆ ಎಳನೀರು, ಹಾಡು, ಕುಣಿತ ಎಲ್ಲ ಸಿಗುತ್ತಿತ್ತು. ನಾನು ಅವರೆದುರು ಅತ್ತು, ಜಗಳವಾಡಿ, ನಿನ್ನ ಜಾಗ ಉಳಿಸಿಕೊಂಡು ಬಂದಿದ್ದೇನೆ. ಅತಿಥಿಯನ್ನು ಯಾರೂ ಬೈಯುವಂತಿಲ್ಲವಲ್ಲ.