ನಡುಗೋಡೆಯ ಬಾಗಿಲು

ಗ್ಲೆನ್‌ಫಾರ್ಡಿ ಶಾಲೆಮನೆ
17 ನವೆಂಬರ್ 1934, ಶನಿವಾರ

ಪ್ರೀತಿಯ ತಂಗಿ ಎಲ್ಸ್‌ಪೆತ್,

ಎಲ್ಲರೂ ಚೆನ್ನಾಗಿದ್ದೀರಾ? ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಆಲೂಗಡ್ಡೆ ಅಗೆಯುವ ರಜೆ ಮುಗಿದು ಶಾಲೆ ಶುರುವಾದ ಮೇಲೆ ಕೈಗೆ ಬಿಡುವೇ ಇಲ್ಲ.

ನಿಮಗೆ ಕೊಟ್ಟ ಮನೆ ಎಂಥದು ಎಂದು ನೀನು ಕೇಳಿದ್ದೆ. ಮನೆ ಎನ್ನಲೋ ಶಾಲೆ ಎನ್ನಲೋ! ಇಡೀ ಕಟ್ಟಡಕ್ಕೆ ಒಂದೇ ಸ್ಲೇಟುಕಲ್ಲಿನ ಮಾಡು. ಈ ತುದಿಗೆ ನಾವು, ಆ ತುದಿಗೆ ಇವರ ಪಾಠ. ನಡುವೆ ದಪ್ಪ ಕಲ್ಲುಗೋಡೆ, ಅದರಲ್ಲೊಂದು ಬಾಗಿಲು. ಅತ್ತ ಮಗ್ಗಿ, ಇತ್ತ ನನ್ನ ಗಂಜಿ ಕುದಿಯುವ ಸದ್ದು. ಶಾಲೆಯ ಕಿಟಕಿಗಳೋ, ಆಳೆತ್ತರದಲ್ಲಿವೆ. ಒಳಗೆ ಬೆಳಕು ಬರಬೇಕು, ಬೆಟ್ಟ ಕಾಣಬಾರದು. ಕಸ ಗುಡಿಸುವ ಮುದುಕಿ ಟೀನಿ ಮೊನ್ನೆ, "ಮಕ್ಳು ಹೊರಗೆ ನೋಡ್ದೇ ಇರ್ಲಿ ಅಂತ ಕಟ್ಟಿದ್ದು ಕಣಮ್ಮಾ. ಈಗ ನಿನ್ನ ಉದ್ದನೆ ಗಂಡ ಒಬ್ರೇ ನಿಂತ್ಕೊಂಡು ಕುರಿ ಎಣಿಸ್ತಾರೆ!" ಎಂದಳು. ಫರ್ಕರ್ ಕಿವಿ ಕೆಂಪಾಯಿತು.

ನಮ್ಮ ನೆಟ್ಟಿಗೆ ಐದು ತುಂಬಿತಲ್ಲ, ಶಾಲೆಗೆ ಹಾಕಿದೆವು. ಮೊದಲ ದಿನವೇ ಕುಣಿಯುತ್ತ ನಡುಬಾಗಿಲಿಗೆ ಓಡಿದಳು. ಫರ್ಕರ್ ಅಡ್ಡ ನಿಂತರು.

"ಇದು ಮೇಷ್ಟ್ರು ಓಡಾಡೋ ಬಾಗ್ಲು. ನೀನು ಎಲ್ರ ಹಾಗೆ ಹೆಣ್ಮಕ್ಕಳ ಬಾಗ್ಲಿಂದ ಬಾ."

ಹೊರಗೆ ಆಲಿಕಲ್ಲು ಮಳೆ. ಶಾಲೆಯ ಒಲೆಗೆ ಉರುವಲೆಂದು ಎಲ್ಲ ಮಕ್ಕಳೂ ತರುವ ಜೌಗುಮಣ್ಣಿನ ಒಣ ಹೆಂಟೆಯನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಗೋಡೆ ದಾಟಲು ಮಗು ಇಡೀ ಕಟ್ಟಡ ಸುತ್ತಿ ಹೋಯಿತು.

"ಅದು ನಿಮ್ಮ ಮಗಳಲ್ವೇನ್ರೀ?" ಎಂದೆ.

"ಗೋಡೆ ಆಚೆ ಅಲ್ಲ, ಬೆತಿಯಾ. ಅಲ್ಲಿ ಅವ್ಳು ಮಗಳಾದ್ರೆ, ಉಳಿದೋರಿಗೆ ನಾನು ಮೇಷ್ಟ್ರಾಗಲ್ಲ."

ಮಾತು ಸುಳ್ಳಲ್ಲ. ಆದರೆ ಒಂದೇ ಮಾಡಿನ ಕೆಳಗೆ ಇಬ್ಬರು ಅಪ್ಪಂದಿರಾದರೆ ಕೂಸು ಯಾರನ್ನು ನಂಬೀತು? ಮಳೆ ದಿನವಾದರೂ ಆ ಬಾಗಿಲು ಬಿಡಿ ಎಂದು ದಿನಾ ಬೇಡುತ್ತಿದ್ದೆ.

ಹೊಸ ವರ್ಷಕ್ಕೆ ತಪ್ಪದೆ ಬಾ. ದೇವರು ನಿನ್ನನ್ನೂ ನಿನ್ನ ಹಸುಗೂಸನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಬೆತಿಯಾ

ತಾ.ಕ.: ಇದನ್ನು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮಂಗಳವಾರ ನಾನು ರೊಟ್ಟಿ ಸುಡುತ್ತಿದ್ದೆ. ಪರಿಮಳಕ್ಕೆ ನೆಟ್ಟಿ ಪಾಠದ ನಡುವೆ ಎದ್ದು, ಚಿಲಕ ಸರಿಸಿ ನಡುಬಾಗಿಲು ತಳ್ಳಿಕೊಂಡು ನನ್ನ ಹತ್ತಿರ ಬಂದುಬಿಟ್ಟಳು. ಅವರು ಕೈಹಿಡಿದು ಕರೆದೊಯ್ದರು. ಚರ್ಮದ ಪಟ್ಟಿಯ ಒಂದೇ ಏಟು, ಇಲ್ಲಿಗೆ ಕೇಳಿಸಿತು. ಅವಳು ಅಳಲಿಲ್ಲ. ಸಂಜೆ ಅವರೇ ನಡುಬಾಗಿಲ ಚಿಲಕ ಕಿತ್ತು ಹಾಕಿ, "ನಾಳೆಯಿಂದ ಇಲ್ಲೇ ಬಾ ಪುಟ್ಟಿ" ಎಂದರು. ಊಟಕ್ಕೆ ಕೂತಾಗ ಮಗು ಕೈ ಎತ್ತಿ ಅವರನ್ನು ಕೇಳಿತು: "ಮೇಷ್ಟ್ರೇ, ಇನ್ನೊಂಚೂರು ಗಂಜಿ ಹಾಕಿಸ್ಕೊಳ್ಲಾ?"

ಇವತ್ತು ಶಾಲೆಯಿಲ್ಲ. ಇವತ್ತೂ ಹಾಗೇ ಕರೆದಳು.