ನೆಲದಾಗ ಕಟ್ಟಿದ ಛಪ್ಪರ

ಅಪ್ಪಾ,

ಇವತ್ತು ಮೊದಲನೇ ಮಳಿ ಬಂತು. ಅವ್ವ ಒಲಿ ಮುಂದ ಕುಂತು ಮ್ಯಾಲ ನೋಡಿ ನೋಡಿ ಕುತ್ತಿಗಿ ನೋಯಿಸ್ಕೊಂಡ್ಳು. ಒಂದು ಹನಿ ಸೋರಲಿಲ್ಲ. ಸಂತೋಷ ಆತೇನು ನಿನಗ? ನನಗಂತೂ ಮೈಯೆಲ್ಲಾ ಸಿಟ್ಟು. ಸತ್ತಾವ್ರ ಮ್ಯಾಲ ಸಿಟ್ಟು ಮಾಡಬಾರ್ದು ಅಂತಾಳ ಅವ್ವ. ಇದ್ದಾಗ ಬೈಯಾಕ ನೀ ಎಲ್ಲಿ ಬಿಟ್ಟಿ?

ನೆನಪೈತೇನು, ಯುಗಾದಿ ಮುಗಿದ ಮ್ಯಾಲ ನೀ ಆರ್.ಎಚ್. ಕ್ಯಾಂಪಿಗೆ ಹೋಗಿ ಬಂದಿದ್ದು? ದೇಶ ಬಿಟ್ಟು ಬಂದ ಬಂಗಾಲಿ ನಿರಾಶ್ರಿತರು ಅಲ್ಲಿ ನೆಲಿ ನಿಂತು ಹತ್ತು ಹನ್ನೆರಡು ವರ್ಷ ಆಗಿತ್ತು. ನಿನ್ನ ಗೆಳೆಯಾ ನಿತಾಯಿ ದಾದಾ ಹೊಸಾ ಗುಡಸಲಾ ಕಟ್ಟಾಕತ್ತಿದ್ದ. ನಮ್ಮ ಜವಳಗೇರಾದಾಗ ಮೊದ್ಲು ಕಂಬ ಹುಗಿದು, ಮ್ಯಾಲ ಏರಿ ಕುಂತು ಒಂದೊಂದ ಗಳಾ ಕಟ್ತಾರ. ಅವರು ಛಪ್ಪರದ ಚೌಕಟ್ಟು ಪೂರಾ ನೆಲದ ಮ್ಯಾಲ ಕಟ್ಟಿ, ಆಮ್ಯಾಲ ಎತ್ತಿ ಕಂಬದ ಮ್ಯಾಲ ಕೂಡಸ್ತಾರ. "ನೆಲದಾಗ ಕುಂತು ಕಟ್ಟಿದ್ರ ಗಂಟು ಬಿಗಿ ಕುಂದರ್ತಾವ ಬೇ," ಅಂದಾವ ಮರುದಿನಾನ ನಮ್ಮ ಹಳೇ ಗುಡಸಲಾ ಬಿಚ್ಚಿ ಹಾಕಿದಿ. ಅವ್ವ, ನಾ, ಎರಡು ಆಡು ಬೇವಿನ ಗಿಡದ ಬುಡಕ್ಕ ಬಂದ್ವಿ. ಎಂಟ ದಿನ ತಡೀರಿ ಅಂದಿ. ಎಂಟ ದಿನ!

ಕಟ್ಟಿದ್ದು ಮಾತ್ರ ಚೊಲೋ ಕಟ್ಟಿದಿ, ಸುಳ್ಳ್ಯಾಕ ಹೇಳ್ಲಿ. ಜಾಲಿ ತೊಲಿ, ಬಿದಿರಿನ ಗಳ, ಬರೇ ಹಗ್ಗ, ಒಂದ ಮೊಳಿ ಬಡೀಲಿಲ್ಲ. ಆದ್ರ ಅದನ್ನ ಎತ್ತಾಕ ನಿತಾಯಿ ದಾದಾ ಇಪ್ಪತ್ತು ಮಂದಿ ಕರ್ದಿದ್ದ. ನೀ ಯಾರನ್ನ ಕರೀತಿದ್ದಿ? ಓಣ್ಯಾಗ ಒಬ್ಬರ್ನರ ಉಳಿಸ್ಕೊಂಡಿದ್ದೇನು? ನಿನ್ನ ಕಂಬ ಸೊಟ್ಟ, ನಿನ್ನ ಅಳತಿ ತಪ್ಪು ಅಂತ ಎಲ್ಲಾರಿಗೂ ಮಾರಿ ಮ್ಯಾಲ ಹೇಳಾವ. ಬಾಜೂ ಮನಿ ಹನುಮಂತ ಕಾಕಾನ ಗುಡಸಲಾ ನೋಡಿ, "ಇದೇನಲೇ, ಕೋಳಿ ಗೂಡೇನು?" ಅಂದಿ. ಅವತ್ತಿಂದ ಅವ ನಮ್ಮ ಅಂಗಳ ತುಳೀಲಿಲ್ಲ.

"ಅಪ್ಪಾ, ಹೋಗಿ ಒಂದ ಮಾತು ಕೇಳು, ಮಿರಗದ ಮಳಿ ಸಮೀಪ ಬಂತು," ಅಂತ ನಾ ಎಷ್ಟ ಸಲ ಬಡ್ಕೊಂಡ್ನಿ? "ಯಾರ ಹಂಗೂ ಬ್ಯಾಡ. ಎತ್ತು ಹೂಡಿ ಜಗ್ತೀನಿ," ಅಂದಿ. ದಪ್ಪ ಹಗ್ಗ ತರಾಕ ಮಸ್ಕಿ ಸಂತಿಗೆ ಹೋದಿ. ಬರೋವಾಗ ಬಸ್ಸಿನ್ಯಾಗ ಎದಿ ಹಿಡ್ಕೊಂಡು ಕುಂತಾವ ಮ್ಯಾಲೇಳಲೇ ಇಲ್ಲ. ಒಂದು ಮಾತು ಕೇಳಾಕ ಆಗದಷ್ಟು... ಹೋಗ್ಲಿ ಬಿಡು.

ಮೂರನೇ ದಿನ ನಿನಗ ಎಡಿ ಕೊಟ್ಟು ಬಂದ ಮಂದಿ ತಮ್ಮ ಮನಿಗೆ ಹೋಗಲಿಲ್ಲ. ನಮ್ಮ ಅಂಗಳದಾಗ ಛಪ್ಪರದ ಸುತ್ತ ನಿಂತ್ರು. ಯಾರೂ ಕರ್ದಿರಲಿಲ್ಲ. ನಿತಾಯಿ ದಾದಾ ಅಳಕೋಂತ ತನ್ನ ಭಾಷಾದಾಗ ಏನೋ ಕೂಗಿದ. ಒಬ್ಬರಿಗೂ ತಿಳೀಲಿಲ್ಲ, ಆದ್ರ ಎಲ್ಲಾರೂ ಒಮ್ಮೆಲೇ ಎತ್ತಿದ್ರು.

ಮೂರು ಮೂಲಿ ಚಂದಂಗ ಕುಂತ್ವು. ನಾಕನೇದು ಗಾಳ್ಯಾಗ ನಿಂತಿತು. ಕಂಬ ನಾಕು ಬೆರಳು ಗಿಡ್ಡ! ನೀ ಕಡದ ಕಂಬ, ಅಪ್ಪಾ! ಆ ಮೂಲ್ಯಾಗ ಯಾರು ನಿಂತಿದ್ರು ಗೊತ್ತೇನು? ಹನುಮಂತ ಕಾಕಾ. ಈಗ ಊರೆಲ್ಲಾ ಕರ್ದು ತೋರಿಸ್ತಾನ, ನಗ್ತಾನ, ನಗಲಿ, ಅವನಿಗೆ ಹಕ್ಕೈತಿ ಅನ್ಕೊಂಡ್ನಿ. ಅವ ಒಂದು ಕಟಗಿ ತುಂಡು ಕಡದು ಕಂಬದ ಕವಲಿನ್ಯಾಗ ಬಡದ. ಕಾಣಬಾರ್ದಂತ ಮ್ಯಾಲ ಹಗ್ಗ ಸುತ್ತಿದ. "ಬರೋಬ್ಬರಿ ಕುಂತೈತಿ ನೋಡ್ರೋ!" ಅಂತ ಎಲ್ಲಾರಿಗೂ ಕೇಳೂ ಹಂಗ ಕೂಗಿದ.

ಮಂದಿ ಮ್ಯಾಲ ಹುಲ್ಲು ಹೊದಿಸೋವಾಗ ನೀರು ಕೊಡಾಕ ಹೋದ್ನಿ, ಕಾಕಾ ನನ್ನ ಮಾರಿ ನೋಡಲಿಲ್ಲ. "ದಿನಾ ಮುಂಜಾನಿ ನನ್ನ ಮನಿ ಬಾಗಲದಾಗ ನಿಂದರ್ತಿದ್ನಿ ಬೇ, ತಂಗಿ," ಅಂದ. "ನಿಮ್ಮಪ್ಪ ಬಾಯಿ ಬಿಟ್ಟು ಕರೀಲಿ ಅಂತ ಅಲ್ಲ. ಈ ಕಡಿ ತಿರುಗಿ ಒಮ್ಮೆ ಕೆಮ್ಮಿದ್ರೂ ಬರ್ತಿದ್ನಿ."

ಕೆಮ್ಮಿದ್ರ ಸಾಕಿತ್ತಂತ, ಅಪ್ಪಾ. ಬರೇ ಕೆಮ್ಮಿದ್ರ.

ನಿನ್ನ ಮಗಳು,
ಈರಮ್ಮ