ಟೇಪುಗಳ ಕಾವಲು

ಸುಬಾಂಗ್ ಜಯಾ, ಮಲೇಷ್ಯಾ
ಜೂನ್ 2, 2020

ನಮ್ಮವರಿಗೆ ಸರೋಜಿನಿಯ ನಮಸ್ಕಾರ.

ಅಣ್ಣನ ಮಗಳ ಮದುವೆಗೆಂದು ಉಡುಪಿಗೆ ಹೋದ ನೀವು ಲಾಕ್‌ಡೌನಿನಲ್ಲಿ ಅಲ್ಲೇ ಸಿಕ್ಕಿಬಿದ್ದಿರಿ, ನಾನು ಇಲ್ಲಿ ನಿಮ್ಮ ರೆಕಾರ್ಡಿಂಗ್ ಸ್ಟುಡಿಯೊದಲ್ಲಿ. ಇಷ್ಟು ವರ್ಷ ಈ ಸವತಿಯ ಹೊಸಿಲು ತುಳಿಯದೆ ಸಂಸಾರ ಮಾಡಿದವಳು ಈಗ ಅವಳ ಮಗ್ಗುಲಲ್ಲೇ ಚಾಪೆ ಹಾಸಿದ್ದೇನೆ. ಕಿಟಕಿಯಿಲ್ಲದ ಕೋಣೆ, ಗೋಡೆ ತುಂಬ ಸ್ಪಂಜು. ಕೂಗಿದರೂ ಹೊರಗೆ ಒಂದು ನರಪಿಳ್ಳೆಗೂ ಕೇಳಿಸದು. ಉಸಿರು ಕಟ್ಟುತ್ತದೆ.

ನೀವು ಹೇಳಿದಂತೆ ತೇವ ಹೀರುವ ಯಂತ್ರದ ನೀರನ್ನು ಬೆಳಿಗ್ಗೆ, ಸಂಜೆ ಚೆಲ್ಲುತ್ತಿದ್ದೇನೆ. ಡಬ್ಬಿ ತುಂಬಿದರೆ ಯಂತ್ರ ನಿಲ್ಲುತ್ತದೆ, ನಿಂತರೆ ನಿಮ್ಮ ಹಳೆಯ ಹಾಡಿನ ಟೇಪುಗಳಿಗೆ ಬೂಸ್ಟು ಹಿಡಿಯುತ್ತದೆ. ಮೈಸೂರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಸರೂ ಬಂದಳಾ ಎಂದು ಕೇಳುತ್ತಿರುತ್ತಾಳಂತೆ. ಊರಿಗೆ ಕರೆದೊಯ್ಯುವ ವಿಶೇಷ ವಿಮಾನದಲ್ಲಿ ಎರಡು ಸಲ ಸೀಟು ಸಿಕ್ಕಾಗಲೂ ನೀವು ಕೇಳಿದ್ದು ಟೇಪುಗಳ ಗತಿಯೇನು ಎಂದು. ನಾನು ಉಳಿದೆ.

ಸ್ಟುಡಿಯೊದ ಚರಿತ್ರೆ ಬರೆಯುತ್ತಿದ್ದೀರಲ್ಲ, ಇದನ್ನೂ ಸೇರಿಸಿ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಮೇಲೆ ಇದು ಅಕ್ಕಿ ಗೋದಾಮಾಗಿತ್ತು. ಮೊಟ್ಟೆ ಟ್ರೇಗಳನ್ನು ಗೋಡೆಗೆ ಅಂಟಿಸಿ ನೀವು ಶುರು ಮಾಡಿದಿರಿ. ದೇಶವನ್ನೇ ಕುಣಿಸಿದ ಆ ಇಪೊ ಊರಿನ ರಾಕ್ ತಂಡದ ಉದ್ದಕೂದಲಿನ ಹುಡುಗರು ಇಲ್ಲಿ ಕಿರುಚಿದ್ದು ನಾನು ಕಳಿಸಿದ ಬಿಸಿಬೇಳೆಬಾತ್ ತಿಂದು. ಈಗಲೂ ಅಭಿಮಾನಿಗಳು ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಿಸಿಬೇಳೆಬಾತಿನ ಸುದ್ದಿ ಅವರಿಗೆ ಗೊತ್ತಿಲ್ಲ.

ತೇವಕ್ಕೆ ಅಂಟಂಟಾಗಿದ್ದ ಅವರ ಮೊದಲ ಟೇಪನ್ನು ನೀವು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಒವನ್‌ನಲ್ಲಿಟ್ಟು, ಹಪ್ಪಳಕ್ಕೆ ಬೇಕಾದ ಬಿಸಿಲಿನಷ್ಟೇ ಬಿಸಿಯಲ್ಲಿ ಒಣಗಿಸಿ, ಹಾಕಿ ಕೇಳಿದೆ. ಪೆಟ್ಟಿಗೆಯ ಮೇಲೆ ನಮ್ಮ ಮಗ ಅನೀಶ ಹುಟ್ಟಿದ ತಾರೀಕಿತ್ತು. ಎರಡು ಹಾಡಿನ ನಡುವೆ ಒಬ್ಬ ಹುಡುಗ, ಆಸ್ಪತ್ರೆಯಿಂದ ಫೋನು ಬಂದಿದೆ, ಹೋಗಿ ಎನ್ನುತ್ತಾನೆ. ಅವಳು ಕಾಯ್ತಾಳೆ ಲಾ, ಇನ್ನೊಂದು ಟೇಕ್ ತೆಗೆಯೋಣ ಎಂದು ನೀವು ಮಲಯ್‌ನಲ್ಲಿ ಹೇಳುತ್ತೀರಿ. ಫೋನೇ ಬರಲಿಲ್ಲವೆಂದು ನನಗೆ ಹೇಳಿದ್ದಿರಿ. ನಾನೂ ನಂಬಿದ್ದೆ. ಅದನ್ನು ಕೇಳಿ ತುಂಬ ಅತ್ತೆ.

ಟೇಪು ಚೆನ್ನಾಗಿದೆ, ಚಿಂತೆ ಬೇಡ. ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತದೆ. ವೇಳೆಗೆ ಸರಿಯಾಗಿ ಊಟ ಮಾಡಿ, ಬಿಪಿ ಮಾತ್ರೆ ಮರೆಯಬೇಡಿ.

ನಿಮ್ಮ
ಸರೋಜಿನಿ

ತಾ.ಕ.: ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿ, ಮೈಸೂರಿನದು. ಈ ಕಾಗದ ಬರೆದ ಮರುದಿನ ಮೂರನೇ ಸಲ ಸೀಟು ಸಿಕ್ಕಿತು. ನಿಮ್ಮನ್ನು ಕೇಳಲಿಲ್ಲ. ಕ್ವಾರಂಟೈನ್ ಮುಗಿಸಿ ಈಗ ಅಮ್ಮನ ಪಕ್ಕದಲ್ಲಿದ್ದೇನೆ, ನನ್ನ ಗುರುತು ಹಿಡಿದಳು. ಸ್ಟುಡಿಯೊದ ಕೀಲಿಕೈ ಕೆಳಗಿನ ಮಾಮಕ್ ಹೋಟೆಲಿನಲ್ಲಿದೆ, ಯಾರನ್ನಾದರೂ ಕಳಿಸಿಕೊಳ್ಳಿ. ಡಬ್ಬಿ ಎಂದೋ ತುಂಬಿರುತ್ತದೆ. ಟೇಪುಗಳು ಕಾಯುತ್ತವೋ ಇಲ್ಲವೋ, ನನಗೆ ಗೊತ್ತಿಲ್ಲ.